ಮೂರ್ತಿಯ ದಶವಾರ್ಷಿಕ ಯೋಜನೆ

ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ನಮ್ಮ ಮೂರ್ತಿಯ ಮನೆಗೆ ಜನವರಿಯಲ್ಲಿ ಹೋದರೆ ಜಾಗ ನೋಡಿ ಕೂರಬೇಕು. ನಡುಮನೆಯ ಕಿಟಕಿಗಳು ಹೊಸವು, ಅಲ್ಲಿ ಬೆಚ್ಚಗಿರುತ್ತದೆ. ಊಟದ ಕೋಣೆಯವು ಹಳೆಯವು. ಅಲ್ಲಿ ಸಾರು ಬಡಿಸುವಷ್ಟರಲ್ಲಿ ತುಪ್ಪ ಗಟ್ಟಿಯಾಗುತ್ತದೆ.

“ಅರ್ಧ ಮನೆಗೆ ಕಿಟಕಿ ಹಾಕಿಸಿ ಬಿಟ್ಟಿದ್ದೀಯಲ್ಲೋ?” ಎಂದ ಶೇಷಾದ್ರಿ, ಶಾಲು ಎಳೆದುಕೊಳ್ಳುತ್ತಾ.

“ಬಿಟ್ಟಿದ್ದಲ್ಲ ಕಣೋ, ಪ್ಲಾನು.”

ಪ್ಲಾನು ಏನಪ್ಪಾ ಅಂದರೆ, ಶಾಖ ಸೋರದಂಥ ಕಿಟಕಿ, ಬಾಗಿಲು, ಇನ್ಸುಲೇಶನ್ ಹಾಕಿಸಿದವರಿಗೆ ಅಮೆರಿಕ ಸರ್ಕಾರ ಖರ್ಚಿನ 30% ತೆರಿಗೆಯಲ್ಲಿ ಬಿಟ್ಟುಕೊಡುತ್ತಿತ್ತು. ಕಿಟಕಿಗೆ ಹೆಚ್ಚೆಂದರೆ 600 ಡಾಲರ್, ಒಂದು ಬಾಗಿಲಿಗೆ 250, ಇವೆಲ್ಲ ಸೇರಿ 1,200. ಮೊದಲು ಜೀವಮಾನಕ್ಕೆಲ್ಲ ಸೇರಿ 500 ಡಾಲರ್ ಅಂತ ಇತ್ತು. 2022ರ ಕಾನೂನು ಅದನ್ನು ಕಿತ್ತುಹಾಕಿ, ಮಿತಿ ವರ್ಷವರ್ಷವೂ ಹೊಸದು, 2032ರ ತನಕ, ಎಂದಿತು. ಮೂರ್ತಿ ಎಕ್ಸೆಲ್ ತೆರೆದು ಕೂತ. ಒಂದೇ ಸಲ ಹಾಕಿಸಿದರೆ 600. ವರ್ಷಕ್ಕೊಂದಿಷ್ಟು ಹಾಕಿಸಿದರೆ ಪ್ರತಿ ವರ್ಷ 600! ಊಟದ ಕೋಣೆಯ ಸರದಿ 2027ಕ್ಕೆ.

“ನಮ್ಮ ಬೆಡ್‌ರೂಮಿನದು 2029ಕ್ಕೆ,” ಎಂದರು ಪದ್ಮಕ್ಕ. “ಅಲ್ಲೀತನಕ ಎರಡು ಕಂಬಳಿ.”

ಆದರೆ 2025ರ ಜುಲೈ 4ರಂದು ಟ್ರಂಪ್ ಹೊಸ ಕಾನೂನಿಗೆ ಸಹಿ ಹಾಕಿದರು. ಡಿಸೆಂಬರ್ 31ಕ್ಕೆ ಈ ತೆರಿಗೆ ಕ್ರೆಡಿಟ್ ಬಂದ್. ಸೋಲಾರಿನದೂ ಬಂದ್.

“ಊರೆಲ್ಲ ಸ್ವಾತಂತ್ರ್ಯ ದಿನದ ಪಟಾಕಿ ನೋಡ್ತಿತ್ತು. ಇವರೊಬ್ಬರು ಕಿಟಕಿ ನೋಡ್ತಾ ಕೂತಿದ್ದರು,” ಎಂದರು ಪದ್ಮಕ್ಕ.

“ಆಗಲೇ ಉಳಿದದ್ದನ್ನೆಲ್ಲ ಹಾಕಿಸಿಬಿಡಬಹುದಿತ್ತಲ್ಲ?” ಎಂದೆ ನಾನು.

“ಎಲ್ಲ ಹಾಕಿಸಿದರೂ ಸಿಗೋದು ಅದೇ 600! ಉಳಿದದ್ದು ಕೈಯಿಂದ ಹೋಗಲ್ವಾ?”

ಬಿಟ್ಟಿ ಸಿಗದಿದ್ದರೆ ಚಳಿಯೇ ವಾಸಿ ಅನ್ನುವ ಈ ಲೆಕ್ಕ ನನಗಂತೂ ಅರ್ಥವಾಗಲಿಲ್ಲ. ಹೀಟಿಂಗ್ ಬಿಲ್ ಎಷ್ಟು ಬರುತ್ತದೆ ಅಂತ ಕೇಳಿದರೆ, ಅದು ಬೇರೆ ಎಕ್ಸೆಲ್ಲಿನಲ್ಲಿದೆಯಂತೆ.

ಮನೆಯ ಶಾಖ ಎಲ್ಲೆಲ್ಲಿ ಸೋರುತ್ತದೆ ಅಂತ ನೋಡುವ ಎನರ್ಜಿ ಆಡಿಟ್ ಕೂಡ ಮೂರ್ತಿ ಮಾಡಿಸಿದ್ದ. ಅದಕ್ಕೆ 150 ಡಾಲರ್ ತನಕ ಕ್ರೆಡಿಟ್ ಇತ್ತಲ್ಲ! ಬಂದವನು ಮುಂಬಾಗಿಲಿಗೆ ದೊಡ್ಡ ಫ್ಯಾನು ಕಟ್ಟಿ ಮನೆಯೊಳಗಿನ ಗಾಳಿಯನ್ನು ಹೊರಗೆ ಎಳೆದನಂತೆ. ಆಗ ಸಂದುಗಳಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಎಲ್ಲಿಂದ ಅಂತ ತಿಳಿಯೋಕೆ ಅವನು ಊದುಬತ್ತಿ ಹಚ್ಚಿಕೊಂಡು ಒಂದೊಂದೇ ಕಿಟಕಿ ಮುಂದೆ ಹಿಡಿಯುತ್ತಾ ಹೋದ.

“ನಮ್ಮತ್ತೆ ಹಿಂದೇನೇ ಗಂಟೆ ಹಿಡ್ಕೊಂಡು ಹೊರಟುಬಿಟ್ಟರು,” ಎಂದರು ಪದ್ಮಕ್ಕ. “ಮಂಗಳಾರತಿ ತಟ್ಟೆಗೆ ಐದು ಡಾಲರ್ ಹಾಕಿ ಅಂತ ಇವರಿಗೂ ಹೇಳಿದರು.”

“ದೇವರ ಮನೆ ಬಾಗಿಲಿಗೂ 250 ಬರುತ್ತಾ ಅಂತ ಕೇಳ್ದೆ,” ಎಂದ ಮೂರ್ತಿ. “ಹೊರಬಾಗಿಲಿಗೆ ಮಾತ್ರವಂತೆ.”

“ನಾನೂ ಎರಡು ಬಾಗಿಲು ಹಾಕಿಸಿದ್ದೆ. ಒಂದು ಕಾಸೂ ಬರಲಿಲ್ಲ,” ಎಂದ ಶೇಷಾದ್ರಿ.

“ಈ ಕ್ರೆಡಿಟ್ಟು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಗುತ್ತೆ ಅಷ್ಟೇ ಕಣೋ. ರಿಟೈರಾಗಿ ನಿನಗೆ ತೆರಿಗೆಯೇ ಬರ್ತಿಲ್ಲ. ಯಾವುದರಲ್ಲಿ ಕಳೀತಾರೆ?”

“ಹಾಗಾದರೆ ಕಿಟಕಿ ಹಾಕಿಸೋಕೆ ನಾನು ಮತ್ತೆ ಕೆಲಸಕ್ಕೆ ಸೇರಬೇಕಿತ್ತು ಅನ್ನು!”

ಮೂರ್ತಿ ಈಗ ಕರೆಂಟ್ ಕಂಪನಿಯ ರಿಬೇಟಿನ ಹಿಂದೆ ಬಿದ್ದಿದ್ದಾನೆ. ಮನೆಯಲ್ಲಿರುವ ಎರಡನೇ ಹಳೇ ಫ್ರಿಜ್ ಕೊಟ್ಟರೆ ಅವರೇ ಬಂದು ಹೊತ್ತುಕೊಂಡು ಹೋಗಿ ದುಡ್ಡನ್ನೂ ಕೊಡುತ್ತಾರಂತೆ. ಪದ್ಮಕ್ಕನ ಮುಖ ಬಿಗಿಯಿತು. ಬೇಸ್‌ಮೆಂಟಿನ ಆ ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟಿದೆ, ತೆಂಗಿನ ತುರಿಯಿದೆ, ಊರಿಂದ ತಂದ ಸಾರಿನ ಪುಡಿಯಿದೆ.

“ಅದನ್ನ ಕೊಡೋ ಬದಲು ಇವರನ್ನೇ ಕೊಟ್ಟುಬಿಡ್ತೀನಿ. ಅದೂ ಹಳೇದೇ.”

“ಆಗಲ್ಲ ಪದ್ಮಕ್ಕ,” ಎಂದ ಶೇಷಾದ್ರಿ. “ಕೊಡೋ ಮಾಲು ಕೆಲಸ ಮಾಡ್ತಿರಬೇಕಂತೆ.”