ಬಾಂದಾ ದ್ವೀಪದ 'ಪೆರ್ಕೆನಿಯರ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಇಂಡೊನೇಷ್ಯಾದ ಬಾಂದಾ ದ್ವೀಪಗಳ ಇತಿಹಾಸದ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು. ಸುಮ್ನೆ ಕೈಗೆ ಸಿಕ್ಕ ಪದ ಹಾಕಿದರೆ ಅಲ್ಲಿ ನಡೆದದ್ದೇ ಮರೆಯಾಗುತ್ತದೆ ಎಂಬ ಆತಂಕ ನನ್ನದು.

ಮೊದಲು 'ಒರಾಂಗ್ ಕಾಯಾ'. ಮಲಯ ಭಾಷೆಯಲ್ಲಿ 'ಸಿರಿವಂತ' ಎಂದರ್ಥ. ಬಾಂದಾದಲ್ಲಿ ರಾಜ ಇರಲಿಲ್ಲ. ಊರಿನ ಹಿರಿತನ, ಜಾಯಿಕಾಯಿ ವ್ಯಾಪಾರ, ಹೊರಗಿನವರ ಜೊತೆ ಕರಾರು, ಎಲ್ಲವೂ ಇವರ ಕೈಯಲ್ಲೇ ಇತ್ತು. 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್ಸೋನ್ ಕೂನ್ ಇವರಲ್ಲಿ 44 ಜನರನ್ನು ಜಪಾನಿ ಬಾಡಿಗೆ ಸೈನಿಕರಿಂದ ಕೊಲ್ಲಿಸಿದ. 'ಶ್ರೀಮಂತರನ್ನು ಕೊಂದರು' ಎಂದು ಬರೆದರೆ ಆಗುತ್ತದೆಯೇ? ಅಳಿದುಹೋದದ್ದು ಆ ನಾಡನ್ನು ನಡೆಸುತ್ತಿದ್ದ ಹಿರಿಯರ ಗುಂಪು. ನಮ್ಮ ಶಾಸನಗಳ 'ಪಟ್ಟಣಸ್ವಾಮಿ' (ಪಟ್ಟಣದ ವರ್ತಕರ ಮುಖ್ಯಸ್ಥ) ಹತ್ತಿರ ಬರುತ್ತದೆ ಅನ್ನಿಸುತ್ತಿದೆ. ಕನ್ನಡನಾಡಿನ ವರ್ತಕ ಸಂಘವಾದ ಅಯ್ಯಾವೊಳೆ ಐನೂರ್ವರ ಹೆಸರು ಸುಮಾತ್ರಾದ ಬಾರುಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಇರುವುದರಿಂದ, ಆ ಕಡಲಿಗೆ ಈ ಪದ ತೀರಾ ದೂರದ್ದೂ ಅಲ್ಲ.

ಜಾಸ್ತಿ ತಲೆಕೆಡಿಸಿರುವುದು 'ಪೆರ್ಕೆನಿಯರ್'. ಸುಮಾರು 15,000 ಜನರಿದ್ದ ದ್ವೀಪಗಳಲ್ಲಿ ಕೊಲೆ, ಹಸಿವು, ವಲಸೆ, ಗುಲಾಮಗಿರಿಯ ನಂತರ ಉಳಿದವರು ತೀರಾ ಕಡಿಮೆ. ಬರಿದಾದ ನೆಲವನ್ನು ಕಂಪನಿ 68 ಜಾಯಿಕಾಯಿ ತೋಟಗಳಾಗಿ ಹಂಚಿತು. ಒಂದೊಂದು ತೋಟವೂ ಒಂದು 'ಪೆರ್ಕ್', ಅದನ್ನು ಹಿಡಿದವನು ಪೆರ್ಕೆನಿಯರ್. ಇವರಲ್ಲಿ ಬಹಳಷ್ಟು ಮಂದಿ ಕಂಪನಿಯ ಮಾಜಿ ಸಿಪಾಯಿಗಳು, ನೌಕರರು. ದುಡಿಯಲು ಗುಲಾಮರನ್ನು ಕಂಪನಿಯೇ ಬೇರೆ ಕಡೆಯಿಂದ ತಂದುಕೊಡುತ್ತಿತ್ತು. ಕೆನಾರಿ ಮರಗಳ ನೆರಳಲ್ಲಿ, ಉದ್ದದ ಕೋಲಿನ ತುದಿಗೆ ಸಣ್ಣ ಬುಟ್ಟಿ ಕಟ್ಟಿ ಹಣ್ಣು ಕೀಳುವುದು, ಬೀಜದ ಮೇಲಿನ ಕೆಂಪು ಜಾಪತ್ರೆಯನ್ನು ಹರಿಯದಂತೆ ಬಿಡಿಸಿ ಒಣಗಿಸುವುದು, ಎಲ್ಲ ಆ ಗುಲಾಮರ ಕೆಲಸ. ಫಸಲನ್ನು ಕಂಪನಿಗೇ, ಕಂಪನಿ ಹೇಳಿದ ಬೆಲೆಗೇ ಕೊಡಬೇಕು.

ಇವನನ್ನು 'ತೋಟದ ಮಾಲೀಕ' ಎನ್ನಲು ಬರುವುದಿಲ್ಲ, ನೆಲ ಅವನದಲ್ಲ. 'ಒಕ್ಕಲು' ಎಂದರೆ ಅವನ ಕೈಕೆಳಗೆ ಸವೆದ ಗುಲಾಮರಿಗೆ ಅನ್ಯಾಯ. ದಕ್ಷಿಣ ಕನ್ನಡದ 'ಮೂಲಗೇಣಿದಾರ' ನೆನಪಾಯಿತು: ನೆಲ ಇನ್ನೊಬ್ಬರದು, ಅನುಭವ ತಲೆಮಾರುಗಳಿಗೂ ತನ್ನದು. ಆದರೆ ಮೂಲಗೇಣಿದಾರ ತನ್ನ ಅಡಿಕೆಯನ್ನು ಬೇಕಾದವರಿಗೆ ಮಾರಬಹುದಿತ್ತು, ಅಲ್ವಾ? ಹಾಗಾಗಿ 'ಕಂಪನಿ ಗೇಣಿದಾರ' ಎಂದು ಬರೆಯೋಣ ಅಂದುಕೊಂಡಿದ್ದೇನೆ. ಆ ಕಡೆಯವರು ದಯವಿಟ್ಟು ಹೇಳಿ, 'ಗೇಣಿದಾರ' ಎಂದ ಕೂಡಲೇ ಬಡ ರೈತನೇ ಕಣ್ಣಿಗೆ ಬರುತ್ತಾನೆಯೇ? ಹಾಗಾದರೆ ಪೆರ್ಕೆನಿಯರ್ ಎಂದೇ ಉಳಿಸಿಕೊಳ್ಳುತ್ತೇನೆ.

ಇನ್ನೊಂದು ಪದ 20ನೇ ಶತಮಾನದ್ದು. ಡಚ್ಚರ ವಿರುದ್ಧ ಜನರನ್ನು ಸಂಘಟಿಸಿದ ಮೊಹಮ್ಮದ್ ಹಟ್ಟಾ ಮತ್ತು ಸುತಾನ್ ಶಾಹ್ರೀರ್ ಅವರನ್ನು ಡಚ್ ವಸಾಹತು ಸರ್ಕಾರ ವಿಚಾರಣೆಯೇ ಇಲ್ಲದೆ ಮೊದಲು ಪಪುವಾದ ಬೋವೆನ್ ದಿಗುಲ್ ಶಿಬಿರಕ್ಕೆ ಕಳಿಸಿತು. ಮಲೇರಿಯಾ ಕಾಡುವ ಜಾಗ ಅದು. ಆಮೇಲೆ 1936ರಿಂದ 1942ರ ವರೆಗೆ ಬಾಂದಾ ನೈರಾದಲ್ಲಿ ಇಟ್ಟಿತು. ಇಂಡೊನೇಷ್ಯಾದವರು ಇದನ್ನು 'ಪೆಂಗಾಸಿಂಗಾನ್' ಎನ್ನುತ್ತಾರೆ. ಪದದ ಬೇರು 'ಆಸಿಂಗ್', ಅಂದರೆ ಹೊರಗಿನ, ಬೇರೆಯ.

'ಗಡೀಪಾರು' ಎಂದರೆ ಒಂದು ಜಾಗದಿಂದ ಹೊರಹಾಕಿದ್ದು ಮಾತ್ರ ಗೊತ್ತಾಗುತ್ತದೆ, ಇನ್ನೊಂದು ಜಾಗದಲ್ಲಿ ಕಟ್ಟಿಹಾಕಿದ್ದು ಗೊತ್ತಾಗುವುದಿಲ್ಲ. 'ಸೆರೆವಾಸ'ವೂ ಪೂರ್ತಿ ಹೊಂದುವುದಿಲ್ಲ. ಅವರು ದೊಡ್ಡದೊಂದು ಮನೆ ಬಾಡಿಗೆಗೆ ಹಿಡಿದಿದ್ದರು, ಊರಲ್ಲಿ ಓಡಾಡುತ್ತಿದ್ದರು, ಅಲ್ಲಿನ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ದ್ವೀಪ ಬಿಟ್ಟು ಹೋಗುವಂತಿರಲಿಲ್ಲ, ಅಷ್ಟೇ. ಮುಂದೆ ಹಟ್ಟಾ ದೇಶದ ಮೊದಲ ಉಪರಾಷ್ಟ್ರಪತಿ, ಶಾಹ್ರೀರ್ ಮೊದಲ ಪ್ರಧಾನಿ ಆದರು.

'ವನವಾಸ'ದ ಜಾಡಿನಲ್ಲಿ 'ದ್ವೀಪವಾಸ' ಎಂದರೆ ಹೇಗೆ? ಶಿಕ್ಷೆಯ ಅರ್ಥ ತಾನಾಗಿ ಬರುತ್ತದೆಯೇ, ಅಥವಾ 'ದ್ವೀಪವಾಸದ ಶಿಕ್ಷೆ' ಎಂದೇ ಬಿಡಿಸಿ ಬರೆಯಬೇಕೇ? ಇದಕ್ಕಿಂತ ಒಳ್ಳೆಯ ಪದ ಬಳಕೆಯಲ್ಲಿದ್ದರೆ, ಎಲ್ಲಿ ಕೇಳಿದಿರಿ ಅನ್ನುವುದನ್ನೂ ಸೇರಿಸಿ ತಿಳಿಸಿ.