ಸಹಾಯ ಬೇಕು: ಪಿಕಪ್‌ನ ಹಿಂದಿನ ಶಾಕ್ ರಿಪೇರಿ ಮಾಡಿಸಲಾ, ಹೊಸದೇ ಹಾಕಿಸಲಾ?

ಎಲ್ಲರಿಗೂ ನಮಸ್ಕಾರ. ನನ್ನ ಪಿಕಪ್‌ನ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಕೈಕೊಟ್ಟಿವೆ. ಖಾಲಿ ಗಾಡಿ ಹಂಪ್ ಇಳಿದರೆ ಹಿಂಭಾಗ ಕುಣಿಯುತ್ತಲೇ ಇರುತ್ತದೆ. ಟೈರ್ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ತಗ್ಗು ಸಿಗುತ್ತದೆ. ಎಡಗಡೆ ಶಾಕ್‌ನ ಮೈಮೇಲೆ ಆಯಿಲ್ ಇಳಿದು ಧೂಳು ಮೆತ್ತಿಕೊಂಡಿದೆ. ಬಲಗಡೆಯದು ಒಣಗಿದೆ, ಆದರೂ ಕುಣಿತ ಅದೇ.

ಇವು ಗಾಡಿ ಜೊತೆ ಬಂದವಲ್ಲ. ಹಿಂದಿನ ಮಾಲೀಕರು ಹಾಕಿಸಿದ ಮೋನೋಟ್ಯೂಬ್ (ಒಂದೇ ಟ್ಯೂಬಿನ ಶಾಕ್), ಒಳಗೆ ಆಯಿಲ್ ಜೊತೆ ನೈಟ್ರೋಜನ್ ಗ್ಯಾಸ್. ಸೀಲ್ ಹೆಡ್, ಅಂದರೆ ಸೀಲ್ ಇರುವ ಮುಚ್ಚಳ, ಸರ್ಕ್ಲಿಪ್‌ನಲ್ಲಿ (ತೆಗೆಯಬಹುದಾದ ಲಾಕ್ ರಿಂಗ್) ಕೂತಿದೆ, ಹಾಗಾಗಿ ಬಿಚ್ಚಬಹುದು. ವೆಲ್ಡ್ ಮಾಡಿ ಮುಚ್ಚಿದ ಮಾಮೂಲಿ ಟ್ವಿನ್‌ಟ್ಯೂಬ್ (ಒಂದರೊಳಗೊಂದು ಎರಡು ಟ್ಯೂಬ್) ಆಗಿದ್ದರೆ ಸುಮ್ನೆ ಜೋಡಿ ಬದಲಾಯಿಸಿಬಿಡುತ್ತಿದ್ದೆ.

ಸೀಲ್, ಆಯಿಲ್, ಬುಷ್ ಬದಲಾಯಿಸಿ ಗ್ಯಾಸ್ ತುಂಬಿದರೆ ಸಾಕು ಅಂತಾರೆ ಮೆಕ್ಯಾನಿಕ್. ನನಗೆ ಅನುಮಾನ ಇರೋದು ಎಡಗಡೆ ಶಾಕ್‌ನಲ್ಲಿ ಸೀಲ್ ಮೂಲಕ ಒಳಹೊರಗೆ ಜಾರುವ ರಾಡ್ ಮೇಲೆ. ಕ್ರೋಮ್‌ನಲ್ಲಿ ಒಂದು ಕಡೆ ತುಕ್ಕಿನ ಸಣ್ಣ ಚುಕ್ಕೆಗಳಿವೆ, ಉಗುರು ಎಳೆದರೆ ತಡೆಯುತ್ತದೆ. ಅದು ಹೊಸ ಸೀಲನ್ನೂ ಕೊಯ್ದುಹಾಕುತ್ತದೆ ಅಲ್ವಾ? ಅಂಥ ರಾಡನ್ನು ಮತ್ತೆ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸಿದವರು ಇದ್ದೀರಾ? ಬಾಳಿಕೆ ಬಂತಾ, ಅಥವಾ ರಾಡನ್ನೇ ಹೊಸದು ತರಿಸಬೇಕಾ?

ರಿಪೇರಿ ಕಡೆ ಮನಸ್ಸು ವಾಲುವುದಕ್ಕೆ ಇನ್ನೊಂದು ಕಾರಣವಿದೆ. ಗಾಡಿಯಲ್ಲಿ ಲೋಡ್ ಜಾಸ್ತಿ ಇರುತ್ತದೆ. ಹೇಗೂ ಬಿಚ್ಚುತ್ತಾರೆ, ಪಿಸ್ಟನ್‌ನ ಶಿಮ್ (ಆಯಿಲ್ ಹರಿವನ್ನು ತಡೆಯುವ ತೆಳು ಬಿಲ್ಲೆಗಳು) ಬದಲಾಯಿಸಿ ರಿಬೌಂಡ್, ಅಂದರೆ ಶಾಕ್ ಮತ್ತೆ ಚಾಚಿಕೊಳ್ಳುವುದನ್ನು, ಸ್ವಲ್ಪ ಬಿಗಿ ಮಾಡಿಸಬಹುದು. ಆದರೆ ಬಿಚ್ಚಿದ ಮೇಲೆ ಟ್ಯೂಬ್ ಒಳಗೆ ಗೀರು ಕಂಡರೆ ಅಲ್ಲಿಗೆ ಕಥೆ ಮುಗಿಯಿತು, ಹೊಸದೇ ಗತಿ.

ಇನ್ನೊಂದು ವಿಷಯ. ಎಡಗಡೆಯದು ಮಾತ್ರ ಹೊಸದು ಹಾಕಿಸಿ, ಬಲಗಡೆಯದು ರಿಪೇರಿ ಮಾಡಿಸಿ ಅಂತ ದಯವಿಟ್ಟು ಹೇಳಬೇಡಿ. ಎರಡೂ ಕಡೆ ಒಂದೇ ಥರ ಇರಬೇಕು, ಅದರಲ್ಲಿ ರಾಜಿ ಇಲ್ಲ. ಮೋನೋಟ್ಯೂಬ್ ರಿಪೇರಿ ಮಾಡಿಸಿ ಲೋಡ್ ಹಾಕಿ ಓಡಿಸಿದವರು ಅನುಭವ ಹೇಳಿ. ರಾಡ್‌ನ ಫೋಟೋ ಕಾಮೆಂಟಿನಲ್ಲಿ ಹಾಕುತ್ತೇನೆ.