ಕೆಮ್ಮುವ ಕರು, ಗೊಟ್ಟದ ಎಣ್ಣೆ: ಪಶುವೈದ್ಯರಿಗೆ ಕೇಳಿದ್ದು

ಪ್ರಶ್ನೆ (ಹರಿಹರ ತಾಲೂಕಿನ ರೈತ): ನಮಸ್ಕಾರ ಡಾಕ್ಟ್ರೇ. ಐದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು, ಮೂರು ಕರು ಇದ್ದವು. ಹೋದ ತಿಂಗಳು ಒಂದೂವರೆ ತಿಂಗಳ ಹೆಣ್ಣು ಕರುವಿಗೆ ಕೆಮ್ಮು ಬಂತು, ನಾಲ್ಕೇ ದಿನಕ್ಕೆ ಕರು ಸತ್ತೇ ಹೋಯ್ತು. ಈಗ ಇನ್ನೊಂದು ಕೆಮ್ಮುತ್ತಿದೆ. ಚಳಿ ತಾಗಬಾರದು ಅಂತ ಕೊಟ್ಟಿಗೆಯ ಸುತ್ತ ತಾಡಪಾಲು ಕಟ್ಟಿದ್ದೇನೆ, ಸೊಳ್ಳೆಗೆ ರಾತ್ರಿ ಹೊಗೆ ಹಾಕುತ್ತೇನೆ. ಆದ್ರೂ ಯಾಕೆ ಹೀಗೆ?

ಉತ್ತರ (ಪಶುವೈದ್ಯ): ಅಣ್ಣಾ, ಬೇಜಾರು ಮಾಡ್ಕೋಬೇಡಿ. ನನಗೆ ಮೊದಲ ಅನುಮಾನ ಆ ತಾಡಪಾಲಿನ ಮೇಲೇ. ಇವತ್ತು ಬೆಳಗಿನ ಜಾವ, ಸಗಣಿ ಬಾಚುವ ಮುಂಚೆ, ಕರು ಮಲಗುವ ಜಾಗದಲ್ಲಿ ನೀವೂ ಒಂದು ನಿಮಿಷ ಕೂತ್ಕೊಳ್ಳಿ. ನಿಂತು ನೋಡಿದರೆ ಗೊತ್ತಾಗಲ್ಲ, ನೆಲಕ್ಕೆ ಕೂರಬೇಕು. ಗಂಜಲದ ಘಾಟು ಕಣ್ಣಿಗೆ ಉರಿ ತರಿಸಿದರೆ, ಆ ಕರು ಇಡೀ ರಾತ್ರಿ ಅದನ್ನೇ ಎಳೆದುಕೊಂಡಿದೆ ಅಂತ ಅರ್ಥ.

ನ್ಯುಮೋನಿಯಾ ತರುವ ಪಾಶ್ಚುರೆಲ್ಲಾದಂಥ ಕ್ರಿಮಿಗಳು ಗಟ್ಟಿಮುಟ್ಟಾದ ದನದ ಮೂಗು, ಗಂಟಲಲ್ಲೂ ಸುಮ್ನೆ ಇರುತ್ತವೆ. ಘಾಟು, ಹೊಗೆ, ಧೂಳು, ವೈರಸ್, ದೂರದ ಪ್ರಯಾಣ, ಯಾವುದಾದರೂ ಒಂದು ಉಸಿರುನಾಳವನ್ನು ಸೋಲಿಸಿದಾಗ ಅವು ಶ್ವಾಸಕೋಶಕ್ಕೆ ಇಳಿಯುತ್ತವೆ. ಚಳಿ ಒಂದರಿಂದಲೇ ಕರು ಸಾಯುವುದು ಕಡಿಮೆ. ಒದ್ದೆ ನೆಲ, ಉಸಿರುಗಟ್ಟಿದ ಕೊಟ್ಟಿಗೆ ಜಾಸ್ತಿ ಕೊಲ್ಲುತ್ತವೆ.

ಹಾಗಂತ ತಾಡಪಾಲು ಪೂರ್ತಿ ಕಿತ್ತು ಎಸೆಯಬೇಡಿ. ಕರು ನಿಲ್ಲುವ ಎತ್ತರದ ತನಕ ಗಾಳಿಗೆ ಅಡ್ಡ ಇರಲಿ. ಅದರ ಮೇಲೆ, ಸೂರಿನ ಕೆಳಗೆ, ಎರಡು ಕಡೆಯೂ ತೆರೆದಿರಲಿ. ಮಲಗಲು ಒಣ ಹುಲ್ಲು ದಪ್ಪಗೆ ಹಾಸಿ. ಬರಿಗಾಲಲ್ಲಿ ತುಳಿದು ನೋಡಿ, ಕಾಲು ಒದ್ದೆಯಾದರೆ ಬದಲಿಸಿ. ಹೊಗೆ ನಿಲ್ಲಿಸಿ, ಸೊಳ್ಳೆಪರದೆ ಕಟ್ಟಿ.

ಈಗ ಕೆಮ್ಮುತ್ತಿರುವ ಕರುವನ್ನು ಬೇರೆ ಕಟ್ಟಿ, ಇವತ್ತೇ ಡಾಕ್ಟರಿಗೆ ತೋರಿಸಿ. ಆಸ್ಪತ್ರೆ ದೂರವಾದರೆ 1962ಕ್ಕೆ ಫೋನ್ ಮಾಡಿ, ಪಶು ಚಿಕಿತ್ಸಾ ವಾಹನ ಬರುತ್ತದೆ.

ಪ್ರಶ್ನೆ (ಅದೇ ರೈತ): ಕೆಮ್ಮಿದ ತಕ್ಷಣ ಕರೆಯಬೇಕಾ? ಒಂದೆರಡು ದಿನ ನೋಡೋಣ ಅಂತ ಇದ್ದೆ.

ಉತ್ತರ: ಹೋದ ತಿಂಗಳೂ ನೋಡಿದ್ರಿ ಅಲ್ವಾ? ಮೆಡಿಕಲ್ ಸ್ಟೋರಿನಿಂದ ಒಂದು ಡಿಜಿಟಲ್ ಥರ್ಮಾಮೀಟರ್ ತಂದು ದನಕ್ಕೇ ಅಂತ ಇಟ್ಟುಬಿಡಿ. ಗುದದ್ವಾರದಲ್ಲಿ ಇಟ್ಟು ಬೆಳಗಿನ ತಂಪಿನಲ್ಲಿ ನೋಡಬೇಕು. ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 103.5 ದಾಟಿದರೆ ಕಾಯಬೇಡಿ. ಇನ್ನೊಂದು, ಮಲಗಿರುವಾಗ ಪಕ್ಕೆ ನೋಡಿ ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ. ತಂಪು ಹೊತ್ತಿನಲ್ಲೂ ಕರು 50ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ ಏನೋ ಇದೆ. ಕಿವಿ ಜೋತುಬಿದ್ದು, ಹಾಲು ಕುಡಿಯಲು ಎಲ್ಲರಿಗಿಂತ ಕೊನೆಗೆ ಎದ್ದು ಬರುವ ಕರುವನ್ನು ಮೊದಲು ಗಮನಿಸಿ. ಬಾಯಿ ತೆರೆದು, ಕತ್ತು ಚಾಚಿ ಉಸಿರೆಳೆಯುವ ಹೊತ್ತಿಗೆ ಶ್ವಾಸಕೋಶದ ಒಂದಷ್ಟು ಭಾಗ ಆಗಲೇ ಕೆಟ್ಟಿರುತ್ತದೆ. ಆಮೇಲೆ ನಾವು ಏನು ಚುಚ್ಚಿದರೂ ಅದು ಹಳೇ ಸ್ಥಿತಿಗೆ ಬರುವುದು ಕಷ್ಟ.

ಪ್ರಶ್ನೆ (ಹೊಳಲ್ಕೆರೆ ಕಡೆಯ ಹೈನುಗಾರ್ತಿ): ಸರ್, ನಮ್ಮ ಹಸುವಿಗೆ ಹೊಟ್ಟೆ ಉಬ್ಬರ ಇತ್ತು. ಊರಲ್ಲಿ ಒಬ್ಬರು ಗೊಟ್ಟದಲ್ಲಿ (ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ) ಎಣ್ಣೆ ಕುಡಿಸಿದರು. ಉಬ್ಬರ ಇಳೀತು, ಆದರೆ ಮಾರನೇ ದಿನದಿಂದ ಜ್ವರ, ಕೆಮ್ಮು, ಮೂಗಲ್ಲಿ ಕೆಟ್ಟ ವಾಸನೆ. ಎರಡಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ ಅಕ್ಕಾ. ಎಣ್ಣೆ ಹೊಟ್ಟೆಗೆ ಹೋಗಿದ್ದು ಅರ್ಧ, ಶ್ವಾಸಕೋಶಕ್ಕೆ ಹೋಗಿದ್ದು ಅರ್ಧ ಅನ್ನಿಸುತ್ತಿದೆ. ತಲೆ ಮೇಲಕ್ಕೆತ್ತಿ, ನಾಲಿಗೆ ಎಳೆದು ಹಿಡಿದು ಸುರಿದರೆ ದನಕ್ಕೆ ನುಂಗಲು ಆಗುವುದಿಲ್ಲ. ನೀರಾದರೆ ಕೆಮ್ಮಿ ಒಂದಿಷ್ಟು ಹೊರಗೆ ಹಾಕುತ್ತದೆ. ಎಣ್ಣೆ ಸದ್ದಿಲ್ಲದೆ ಇಳಿದು ಅಲ್ಲೇ ಕೂರುತ್ತದೆ. ಈ ನ್ಯುಮೋನಿಯಾಕ್ಕೆ ಒಳ್ಳೇ ಔಷಧಿ ಕೊಟ್ಟರೂ ಉಳಿಯುವುದು ಕಡಿಮೆ. ಇವತ್ತೇ ಡಾಕ್ಟರನ್ನು ಕರೆಸಿ, ಎಣ್ಣೆ ಕುಡಿಸಿದ ವಿಷಯ ಮುಚ್ಚಿಡದೆ ಹೇಳಿ.

ಕುಡಿಸಲೇಬೇಕಾದರೆ ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು, ನಾಲಿಗೆ ಬಿಡಬೇಕು, ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಹಾಕಬೇಕು. ಕೆಮ್ಮಿದರೆ ತಕ್ಷಣ ತಲೆ ಇಳಿಸಿ. ಕರು ಹಾಕಿ ಏಳಲಾಗದೆ ಮಲಗಿದ ಹಸುವಿಗೆ, ಕಾಲುಬಾಯಿ ಜ್ವರದಲ್ಲಿ ಬಾಯಿ ಹುಣ್ಣಾದ ದನಕ್ಕೆ ಗೊಟ್ಟ ಮುಟ್ಟಿಸಲೇಬೇಡಿ. ಗೊಟ್ಟ ಹಾಕುವವರು ಪ್ರೀತಿಯಿಂದಲೇ ಬರುತ್ತಾರೆ, ಬೈಯಲು ಮನಸ್ಸಾಗುವುದಿಲ್ಲ. ಆದರೂ ಬೇಡ ಅನ್ನಿ.

ಪ್ರಶ್ನೆ (ಜಗಳೂರಿನಿಂದ): ಗಳಲೆ ರೋಗದ ಲಸಿಕೆ ಹಾಕಿಸಿದ್ದೇವೆ. ಮತ್ತೆ ನ್ಯುಮೋನಿಯಾ ಬರಲ್ಲ ತಾನೆ?

ಉತ್ತರ: ಬರಬಹುದು. ಆ ಲಸಿಕೆ ಗಳಲೆಗೆ ಮಾತ್ರ. ಗಂಟಲು ಊದಿ, ಜ್ವರ ಏರಿ ಒಂದೇ ದಿನದಲ್ಲಿ ದನ ಹೋಗುತ್ತದಲ್ಲ, ಅದನ್ನು ತಡೆಯಲು. ಮಳೆಗಾಲಕ್ಕೆ ಮುಂಚೆ ತಪ್ಪದೆ ಹಾಕಿಸಿ. ಬೇರೆ ಕ್ರಿಮಿಗಳ ನ್ಯುಮೋನಿಯಾಕ್ಕೆ ಕೊಟ್ಟಿಗೆ ಮತ್ತು ಗಿಣ್ಣು, ಇವೆರಡೇ ದೊಡ್ಡ ಕಾವಲು. ಕಸ (ಮಾಸು) ಬೀಳುವ ತನಕ ಗಿಣ್ಣು ಕುಡಿಸಬಾರದು ಅನ್ನುವ ಮಾತು ಇನ್ನೂ ಹೋಗಿಲ್ಲ. 30 ಕೆಜಿ ಕರುವಿಗೆ ಮೊದಲ ದಿನ ಸುಮಾರು 3 ಲೀಟರ್ ಗಿಣ್ಣು ಹೋಗಬೇಕು, ಅದರಲ್ಲಿ ಅರ್ಧ ಹುಟ್ಟಿದ ಎರಡು ಗಂಟೆಯೊಳಗೆ. ದಿನ ಕಳೆದ ಮೇಲೆ ಎಷ್ಟು ಕುಡಿಸಿದರೂ ಅದರ ರೋಗ ತಡೆಯುವ ಶಕ್ತಿ ರಕ್ತಕ್ಕೆ ಸೇರುವುದಿಲ್ಲ.

ಸಂತೆಯಿಂದ ತಂದ ಹಸುವನ್ನು ಮೂರು ವಾರ ಬೇರೆ ಕಟ್ಟಿ. ಬೂಸ್ಟು ಹಿಡಿದ ಮೆಕ್ಕೆಜೋಳದ ದಂಟು ಹಾಕಬೇಡಿ. ಜೋಳ ಒಕ್ಕುವ ದಿನ ದನಗಳನ್ನು ಧೂಳಿನಿಂದ ದೂರ ಕಟ್ಟಿ.

ಪ್ರಶ್ನೆ (ಚಳ್ಳಕೆರೆ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ ಪಶುವೈದ್ಯೆ): ಸರ್, ಜ್ವರ ಇಳಿದ ಕೂಡಲೇ ರೈತರು ಇಂಜೆಕ್ಷನ್ ನಿಲ್ಲಿಸಿಬಿಡುತ್ತಾರೆ. ವಾರಕ್ಕೆ ಮತ್ತೆ ಅದೇ ದನ. ಏನು ಮಾಡಲಿ?

ಉತ್ತರ: ಅರ್ಧ ತಪ್ಪು ನಮ್ಮದೇ ಅಮ್ಮಾ. ಮೊದಲ ದಿನ ಆಂಟಿಬಯೋಟಿಕ್ ಜೊತೆ ಜ್ವರದ ಇಂಜೆಕ್ಷನ್ನೂ ಕೊಡುತ್ತೇವೆ. ದನ ಸಂಜೆಗೆ ಮೇವು ತಿನ್ನುತ್ತದೆ. ಜ್ವರ ಇಳಿದದ್ದು ಜ್ವರದ ಔಷಧಿಗೆ, ಒಳಗಿನ ರೋಗ ಹಾಗೇ ಇದೆ ಅಂತ ನಾವು ಹೇಳದಿದ್ದರೆ ರೈತನಿಗೆ ಹೇಗೆ ಗೊತ್ತಾಗಬೇಕು? ಎಷ್ಟು ದಿನದ ಕೋರ್ಸು, ಎಷ್ಟು ದಿನ ಹಾಲು ಡೈರಿಗೆ ಹಾಕಬಾರದು, ಎರಡನ್ನೂ ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡಿ. ಅಂದಹಾಗೆ, ರಣಹದ್ದುಗಳನ್ನು ಕೊಲ್ಲುತ್ತದೆ ಅಂತ ಡೈಕ್ಲೋಫೆನಾಕ್‌ ಅನ್ನು 2006ರಲ್ಲೇ ದನಗಳಿಗೆ ನಿಷೇಧಿಸಿದ್ದಾರೆ. ಯಾರಾದರೂ ಮನುಷ್ಯರ ಇಂಜೆಕ್ಷನ್ ತಂದು ಚುಚ್ಚುತ್ತಿದ್ದರೆ ತಡೆಯಿರಿ.

ಇನ್ನೊಂದು ನನ್ನ ಅಭ್ಯಾಸ ಹೇಳುತ್ತೇನೆ. ಕರು ಸತ್ತರೆ ಸುಮ್ನೆ ಹೂಳಿಸಬೇಡಿ, ರೈತ ಒಪ್ಪಿದರೆ ಅಲ್ಲೇ ಕೊಯ್ದು ನೋಡಿ. ದಿಢೀರ್ ಸತ್ತು ಮೂಗು, ಗುದದಿಂದ ರಕ್ತ ಬಂದಿದ್ದರೆ ಮಾತ್ರ ಚಾಕು ಮುಟ್ಟಬೇಡಿ, ಅದು ನೆರಡಿ (ಮನುಷ್ಯರಿಗೂ ಅಂಟುವ ಆಂಥ್ರಾಕ್ಸ್ ರೋಗ) ಇರಬಹುದು. ನ್ಯುಮೋನಿಯಾ ಆದ ಶ್ವಾಸಕೋಶದ ಮುಂದಿನ ಕೆಳಭಾಗ ಈಲಿಯ (ಲಿವರ್) ಹಾಗೆ ಗಟ್ಟಿಯಾಗಿರುತ್ತದೆ. ಅದರ ಒಂದು ತುಂಡು, ಚೆನ್ನಾಗಿರುವ ಭಾಗದ ಒಂದು ತುಂಡು, ಎರಡನ್ನೂ ಬಕೆಟ್ ನೀರಿಗೆ ಹಾಕಿ. ಚೆನ್ನಾಗಿರುವುದು ತೇಲುತ್ತದೆ, ಗಟ್ಟಿಯಾದದ್ದು ಮುಳುಗುತ್ತದೆ. ನಾನು ಅರ್ಧ ಗಂಟೆ ಭಾಷಣ ಮಾಡಿದಾಗ ತಲೆ ಆಡಿಸಿ ಸುಮ್ಮನಾಗಿದ್ದ ಯಜಮಾನರೊಬ್ಬರು, ಆ ಬಕೆಟ್ ನೋಡಿ ಅವತ್ತೇ ಕೊಟ್ಟಿಗೆಯ ಗೋಡೆಗೆ ಕಿಟಕಿ ಒಡೆಸಿದರು.

ಮೊದಲ ರೈತ: ಡಾಕ್ಟ್ರೇ, ತಾಡಪಾಲು ಅರ್ಧ ಇಳಿಸಿದೆ. ನೆಲಕ್ಕೆ ಕೂತು ನೋಡಿದೆ, ನಿಜವಾಗಿ ಕಣ್ಣು ಉರೀತು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟಿದ್ದಾರೆ, ಐದು ದಿನ ಅಂದಿದ್ದಾರೆ. ಇವತ್ತು ಮೂರನೇ ದಿನ, ಬೆಳಿಗ್ಗೆ 102.2 ಇತ್ತು. ಹಾಲು ಕುಡಿಯಿತು.

ಉತ್ತರ: ಒಳ್ಳೇದು ಅಣ್ಣಾ. ಇನ್ನೂ ಎರಡು ದಿನ ಬಾಕಿ ಇದೆ, ಬಿಡಬೇಡಿ. ಮೂರನೇ ಕರುವಿನ ಜ್ವರವನ್ನೂ ನಾಳೆ ಬೆಳಿಗ್ಗೆ ನೋಡಿ ಇಲ್ಲೇ ಬರೆಯಿರಿ.